ಸಾಕು ಹಾವುಗಳಿಗೆ ಸುರಕ್ಷಿತ ಕುಡಿಯುವ ನೀರು: ಸಾರ್ವಜನಿಕರಿಗೆ ಮಾಹಿತಿ

1. ಅನ್ವಯ

ನಾಗರಹಾವು, ಕೊಳಕುಮಂಡಲ, ಕೇರೆ, ಹೆಬ್ಬಾವು ಮುಂತಾದ ನಮ್ಮ ನಾಡಿನ ಹಾವುಗಳು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ರಕ್ಷಣೆಗೆ ಒಳಪಟ್ಟಿದ್ದು, ಇವುಗಳನ್ನು ಹಿಡಿದು ಸಾಕುವುದು ಅಪರಾಧವಾಗಿರುತ್ತದೆ. ಬಾಲ್ ಪೈಥಾನ್‌ನಂತಹ, ಸದರಿ ಅಧಿನಿಯಮದ 4ನೆಯ ಅನುಸೂಚಿಯಲ್ಲಿರುವ ವಿದೇಶಿ ಹಾವುಗಳನ್ನು ಹೊಂದಿರುವವರು, 2024ರ ಜೀವಂತ ಪ್ರಾಣಿ ಪ್ರಭೇದಗಳ (ವರದಿ ಮತ್ತು ನೋಂದಣಿ) ನಿಯಮಗಳನ್ವಯ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಹಾವು ಸ್ವಾಧೀನಕ್ಕೆ ಬಂದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಇಲ್ಲಿನ ಸೂಚನೆಗಳು ಹೀಗೆ ನೋಂದಾಯಿಸಿದ ಬಾಲ್ ಪೈಥಾನ್ ಹಾವುಗಳ ಪಾಲಕರಿಗಾಗಿ ನೀಡಲ್ಪಟ್ಟಿವೆ.

2. ನೀರಿನ ಅಗತ್ಯ

ಬಾಲ್ ಪೈಥಾನ್ ಪಶ್ಚಿಮ ಹಾಗೂ ಮಧ್ಯ ಆಫ್ರಿಕಾ ಮೂಲದ ಹಾವು. ಹಲವು ದಿನಗಳಿಗೊಮ್ಮೆ ಮಾತ್ರ ಆಹಾರ ಸೇವಿಸಿದರೂ ಇದಕ್ಕೆ ಕುಡಿಯುವ ನೀರು ಸದಾಕಾಲ ದೊರೆಯುತ್ತಿರಬೇಕು. ನೀರಿನ ಕೊರತೆಯಿಂದ ಪೊರೆಯು ತುಂಡುತುಂಡಾಗಿ ಕಳಚುವುದು. ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವವೂ ಇರುತ್ತದೆ.

3. ಯಾವ ನೀರು ಸೂಕ್ತ?

ಮನೆಯವರು ಕುಡಿಯಲು ಯೋಗ್ಯವಾದ ನೀರು ಹಾವಿಗೂ ಯೋಗ್ಯ. ಭಾರತೀಯ ಮಾನಕ ಐಎಸ್ 10500: 2012ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ಮಿ.ಗ್ರಾಂ/ಲೀಟರ್ ಮೀರದಿರುವುದು ಅಪೇಕ್ಷಣೀಯ; ನೈಟ್ರೇಟ್ 45 ಮಿ.ಗ್ರಾಂ/ಲೀಟರ್ ಮೀರಬಾರದು. ಕೊಳವೆಬಾವಿಯ ನೀರನ್ನು ಬಳಸುವವರು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು. ಕುದಿಸಿದಲ್ಲಿ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ತೀವ್ರವಾಗಿದ್ದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇರಿಸಿ ನಂತರ ಬಳಸಬಹುದು.

4. ಪಾತ್ರೆಯ ನಿರ್ವಹಣೆ

ವಾಸ್ತವದಲ್ಲಿ ಹೆಚ್ಚಿನ ಅಪಾಯ ಬರುವುದು ನಲ್ಲಿಯಿಂದಲ್ಲ, ತೊಳೆಯದ ಪಾತ್ರೆಯಿಂದ. ನಿಂತ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಬಾಯಿ ಹುಣ್ಣಿಗೆ ಕಾರಣವಾಗಬಹುದು. ಆದುದರಿಂದ:

(ಅ) ಮಗುಚದಂತಹ ಭಾರವಾದ ಪಿಂಗಾಣಿ ಪಾತ್ರೆಯನ್ನು ಬಳಸಿರಿ. ಹಾವು ಒಳಗಿಳಿದರೂ ನೀರು ಹೊರಚೆಲ್ಲದಂತೆ ಅರ್ಧದಷ್ಟು ಮಾತ್ರ ತುಂಬಿಸಿರಿ.
(ಆ) ನೀರನ್ನು ಪ್ರತಿದಿನ ಬದಲಾಯಿಸಿರಿ. ಮಲಮೂತ್ರ ಬಿದ್ದಿದ್ದರೆ ಕೂಡಲೇ ಬದಲಾಯಿಸಿರಿ.
(ಇ) ವಾರಕ್ಕೊಮ್ಮೆ ಪಾತ್ರೆಯನ್ನು ಸೋಪಿನಿಂದ ತೊಳೆದು, 1 ಭಾಗ ದ್ರವ ಬ್ಲೀಚ್‌ಗೆ 30 ಭಾಗ ನೀರು ಬೆರೆಸಿದ ದ್ರಾವಣದಲ್ಲಿ 10 ನಿಮಿಷ ಇರಿಸಿರಿ. ಬಳಿಕ ವಾಸನೆ ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಿರಿ.
(ಈ) ಫಿನಾಯಿಲ್ ಬಳಸಕೂಡದು. ಇದು ಹಾವುಗಳಿಗೆ ವಿಷಕಾರಿ.
(ಉ) ಚೆಲ್ಲಿದ ನೀರಿನಿಂದ ಗೂಡಿನ ತಳ ಸದಾ ಒದ್ದೆಯಾಗಿರಲು ಬಿಡಬಾರದು. ಇದರಿಂದ ಹೊಟ್ಟೆಯ ಭಾಗದ ಹುರುಪೆಗಳು ಕೊಳೆಯುತ್ತವೆ.

5. ಹಾಲು ನೀಡಬಾರದು

ನಾಗರಪಂಚಮಿಯ ಸಂದರ್ಭದಲ್ಲಿಯೂ ಸೇರಿದಂತೆ ಯಾವುದೇ ಹಾವಿಗೆ ಹಾಲು ಕುಡಿಸಬಾರದು. ಹಾಲು ಹಾವಿನ ಆಹಾರವಲ್ಲ. ಬಾಯಾರಿದ ಹಾವು ಎದುರಿಗಿಟ್ಟ ದ್ರವವನ್ನು ಕುಡಿದ ಮಾತ್ರಕ್ಕೆ ಅದನ್ನು ಇಷ್ಟಪಡುವುದೆಂದು ಭಾವಿಸಬಾರದು. ಬಲವಂತವಾಗಿ ಕುಡಿಸಿದ ಹಾಲು ಶ್ವಾಸಕೋಶ ಸೇರಿದಲ್ಲಿ ಪ್ರಾಣಾಪಾಯವಿದೆ.

6. ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಹಾವಿನಲ್ಲಿಯೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಅದು ನೀರಿನ ಪಾತ್ರೆಯ ಮೂಲಕವೂ ಹರಡುತ್ತದೆ. ಆದಕಾರಣ ಪಾತ್ರೆಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಪ್ರತಿ ಬಾರಿಯೂ ಸೋಪಿನಿಂದ ಕೈ ತೊಳೆಯತಕ್ಕದ್ದು. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ಹಾವನ್ನಾಗಲಿ, ಪಾತ್ರೆಯನ್ನಾಗಲಿ ಮುಟ್ಟದಿರುವುದು ಕ್ಷೇಮ.

7. ಪಶುವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಸುಕ್ಕುಗಟ್ಟಿದ ಚರ್ಮ, ಒಳಸೇರಿದ ಕಣ್ಣುಗಳು, ಅಂಟಾದ ಜೊಲ್ಲು, ಕಣ್ಣಿನ ಮೇಲೆ ಉಳಿದ ಪೊರೆ, ದಿನವಿಡೀ ನೀರಿನಲ್ಲಿಯೇ ಮಲಗಿರುವುದು. ಕಣ್ಣಿನ ಪೊರೆಯನ್ನು ಮನೆಯಲ್ಲಿ ಕೀಳಲು ಪ್ರಯತ್ನಿಸಬಾರದು.

ನೋಂದಾಯಿಸಿದ ಹಾವು ಮೃತಪಟ್ಟಲ್ಲಿ ಅಥವಾ ಬೇರೊಬ್ಬರಿಗೆ ವರ್ಗಾವಣೆಯಾದಲ್ಲಿ ಆ ವಿವರವನ್ನೂ ಸದರಿ ಜಾಲತಾಣದಲ್ಲಿ ವರದಿ ಮಾಡತಕ್ಕದ್ದು. ಹಾವನ್ನು ಸಾಕಲು ಸಾಧ್ಯವಾಗದಿದ್ದಲ್ಲಿ ಯಾವುದೇ ಕಾರಣಕ್ಕೂ ಹೊರಗೆ ಬಿಡದೆ, ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯನ್ನು ಸಂಪರ್ಕಿಸುವಂತೆ ಕೋರಲಾಗಿದೆ.