ಸಾಫ್ಟ್‌ವೇರ್ ಮಿಕ್ಸಿಂಗ್
ಧ್ವನಿಮುದ್ರಿತ ಹಾಡಿನ ಬಿಡಿ ಟ್ರ್ಯಾಕ್‌ಗಳ ಮಿಶ್ರಣವನ್ನೂ ಅಂತಿಮ ಮಾಸ್ಟರಿಂಗನ್ನೂ ಅನಲಾಗ್ ಕನ್ಸೋಲ್, ಟೇಪುಗಳ ಹಂಗಿಲ್ಲದೆ ಕಂಪ್ಯೂಟರಿನೊಳಗೇ ಮುಗಿಸುವ ವಿಧಾನ. ಡಿಜಿಡಿಸೈನ್ ಕಂಪನಿಯ ಸೌಂಡ್ ಟೂಲ್ಸ್ (1989) ಎರಡು ಟ್ರ್ಯಾಕ್‌ಗಳ ಸಂಕಲನಕ್ಕೆ ಒದಗುತ್ತಿತ್ತು. 1991ರ ಪ್ರೊ ಟೂಲ್ಸ್‌ನಲ್ಲಿ ಅವು ನಾಲ್ಕಾದವು. 1996ರಲ್ಲಿ ಸ್ಟೈನ್‌ಬರ್ಗ್ ತಂದ ವಿಎಸ್‌ಟಿ ಎಂಬ ಸಾಫ್ಟ್‌ವೇರ್ ಮಾನದಂಡದಿಂದ ಈಕ್ವಲೈಸರ್, ರಿವರ್ಬ್ ಮೊದಲಾದವು ಪ್ಲಗಿನ್ ರೂಪದಲ್ಲಿ ಸಾಮಾನ್ಯ ಪ್ರೊಸೆಸರ್‌ನಲ್ಲೇ ನಡೆಯತೊಡಗಿದವು. ರಿಕಿ ಮಾರ್ಟಿನ್ 1999ರಲ್ಲಿ ಹಾಡಿದ 'ಲಿವಿನ್ ಲಾ ವಿಡಾ ಲೋಕಾ' ಪೂರ್ತಿಯಾಗಿ ಪ್ರೊ ಟೂಲ್ಸ್‌ನಲ್ಲಿ ತಯಾರಾಗಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು.

ಅನಲಾಗ್ ಕಾಲದಲ್ಲಿ ಎರಡಿಂಚು ಅಗಲದ 24 ಟ್ರ್ಯಾಕ್ ಟೇಪು ಸೆಕೆಂಡಿಗೆ 30 ಇಂಚಿನಂತೆ ಓಡಿ ಸುಮಾರು 16 ನಿಮಿಷಕ್ಕೆ ಮುಗಿಯುತ್ತಿತ್ತು. ಸಂಕಲನವೆಂದರೆ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುವುದು. ಕನ್ಸೋಲಿನ ಒಂದೊಂದು ತಿರುಪಿನ ಸ್ಥಾನವನ್ನೂ ಕಾಗದದಲ್ಲಿ ಗುರುತಿಟ್ಟುಕೊಳ್ಳಬೇಕಿತ್ತು. ಸಾಫ್ಟ್‌ವೇರಿನಲ್ಲಿ ಮೂಲ ಫೈಲು ಹಾಗೇ ಉಳಿಯುತ್ತದೆ, ಸೆಷನ್ ತೆರೆದೊಡನೆ ಎಲ್ಲ ಹೊಂದಿಕೆಗಳೂ ಮರಳುತ್ತವೆ. ಬದಲಾವಣೆಗೆ ಧ್ವನಿಗುಣಕ್ಕಿಂತ ಈ ಅನುಕೂಲವೇ ದೊಡ್ಡ ಕಾರಣವೆನ್ನಬಹುದು. 32 ಬಿಟ್ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಒಳಗಿನ ಮಟ್ಟ ಮಿತಿಮೀರಿದರೂ ಸದ್ದು ಒಡೆಯುವುದಿಲ್ಲ. ಸ್ಪೀಕರಿಗೆ ಹೊರಡುವಾಗ ಮಾತ್ರ ತಗ್ಗಿಸಲೇಬೇಕು. ವಿಚಿತ್ರವೆಂದರೆ, ಅನೇಕ ಪ್ಲಗಿನ್‌ಗಳು ತಾವೇ ಮೂಲೆಗೆ ಸರಿಸಿದ ಯಂತ್ರಗಳನ್ನು ಅನುಕರಿಸುತ್ತವೆ: 1967ರ 1176 ಕಂಪ್ರೆಸರ್ ಇಂದಿಗೂ ಪರದೆಯ ಮೇಲೆ ಮುಳ್ಳಿನ ಮೀಟರ್ ಸಮೇತ ಕಾಣಿಸುತ್ತದೆ.