ಚಿನ್ನದ ಪದಕ ಬಂದ ವೈನ್ ‘ಜಗತ್ತಿಗೇ ನಂಬರ್ 1’ ಎಂಬುದು ನಿಜವೇ?

“ನಮ್ಮ ರಾಜ್ಯದ ವೈನ್‌ಗೆ ಲಂಡನ್‌ನಲ್ಲಿ ಚಿನ್ನ! ಇದೇ ಜಗತ್ತಿನ ಶ್ರೇಷ್ಠ ವೈನ್, ಆರೋಗ್ಯಕ್ಕೂ ಒಳ್ಳೆಯದು.” ಇಂಥ ಫಾರ್ವರ್ಡ್ ಬಂದರೆ ಏನು ಮಾಡಬೇಕು?

ಪದಕ ಹೇಗೆ ಸಿಗುತ್ತದೆ?
ನಂದಿ ಬೆಟ್ಟದ ತಪ್ಪಲಿನ ವೈನ್‌ಗಳಿಗೂ ಅಂತಾರಾಷ್ಟ್ರೀಯ ಪದಕ ಬಂದಿರುವುದು ನಿಜ. ಆದರೆ ಇದು ಓಟದ ಸ್ಪರ್ಧೆಯಲ್ಲ. ಲಂಡನ್‌ನ ಡಿಕ್ಯಾಂಟರ್ ಸ್ಪರ್ಧೆಯಲ್ಲಿ 100ಕ್ಕೆ 86 ಅಂಕ ಬಂದರೆ ಕಂಚು, 90ಕ್ಕೆ ಬೆಳ್ಳಿ, 95ಕ್ಕೆ ಚಿನ್ನ. ಹಾಗಾಗಿ ಒಂದೇ ವರ್ಷ ಹಲವು ವೈನ್‌ಗಳಿಗೆ ಚಿನ್ನ ಸಿಗುತ್ತದೆ. ಪ್ರದೇಶ, ದ್ರಾಕ್ಷಿ ತಳಿ, ಬೆಲೆಯ ಮಟ್ಟ ತೀರ್ಪುಗಾರರಿಗೆ ಗೊತ್ತಿರುತ್ತದೆ. ತಯಾರಕರ ಹೆಸರು ಗೊತ್ತಿರುವುದಿಲ್ಲ.

ಹೆಸರು ಮುಚ್ಚಿದರೆ ಸಾಕೇ?
ಪಕ್ಷಪಾತ ಕಡಿಮೆಯಾಗುತ್ತದೆ, ನಾಲಿಗೆಯ ಗೊಂದಲ ಹೋಗುವುದಿಲ್ಲ. ಅಮೆರಿಕದ ರಾಬರ್ಟ್ ಹಾಡ್ಜ್‌ಸನ್, ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ 3 ಸಲ ಕೊಡಿಸಿದರು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಸುಮಾರು 10% ತೀರ್ಪುಗಾರರು ಮಾತ್ರ. ಅವರದೇ 2009ರ ಇನ್ನೊಂದು ಅಧ್ಯಯನದಲ್ಲಿ, ಹಲವು ಸ್ಪರ್ಧೆಗಳಿಗೆ ಹೋಗಿ ಚಿನ್ನ ಪಡೆದ ವೈನ್‌ಗಳಲ್ಲಿ 84% ಬೇರೊಂದು ಸ್ಪರ್ಧೆಯಲ್ಲಿ ಬರಿಗೈಲಿ ಮರಳಿದ್ದವು.

ನೀವೇ ಪರೀಕ್ಷಿಸಿ
ಧಾರವಾಡದ ಒಂದು ಅಂಗಡಿ, ಹುಬ್ಬಳ್ಳಿಯ ಇನ್ನೊಂದು ಅಂಗಡಿಯ ಪೇಡೆ ತನ್ನಿ. ಹೆಸರು ಹೇಳದೆ, ಕ್ರಮ ಬದಲಿಸಿ, ಮನೆಯವರಿಗೆ ಮೂರ್ನಾಲ್ಕು ಸಲ ಅಂಕ ಕೊಡಲು ಹೇಳಿ. ‘ನನಗೆ ಇದೇ ಬೇಕು’ ಎನ್ನುವವರ ಅಂಕವೂ ಏರುಪೇರಾಗಬಹುದು!

ಆರೋಗ್ಯಕ್ಕೆ ಒಳ್ಳೆಯದೇ?
ಪದಕ ರುಚಿಗೆ, ಆರೋಗ್ಯಕ್ಕಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ವೈನ್ ಕೂಡ ಮದ್ಯವೇ.

ನಮ್ಮ ತೀರ್ಮಾನ: ಪದಕದ ಸುದ್ದಿ ನಿಜವಿರಬಹುದು, ‘ಜಗತ್ತಿಗೇ ನಂಬರ್ 1’ ಎಂಬುದು ದಾರಿತಪ್ಪಿಸುವ ಮಾತು, ‘ಆರೋಗ್ಯಕ್ಕೆ ಒಳ್ಳೆಯದು’ ಎಂಬುದು ತಪ್ಪು. ಫಾರ್ವರ್ಡ್ ಮಾಡಬೇಡಿ.