ಗದುಗಿನ ನಾಗೋಜನಿಂದ ಮಂಗಳೂರಿನ ಮೊಸ್ಕೇನಿಯವರೆಗೆ: ಕಲಾವಿದರ ಹೆಸರು ಹುಡುಕುತ್ತಾ

ಪ್ರತಿ ವರ್ಷ ಅಕ್ಟೋಬರ್ 18ರಂದು ನಾವು ಶುಭಸಂದೇಶಕಾರ ಸಂತ ಲೂಕರ ಹಬ್ಬವನ್ನು ಆಚರಿಸುತ್ತೇವೆ. ಲೂಕರು ವೈದ್ಯರೆಂಬುದು ನಮ್ಮೆಲ್ಲರಿಗೂ ಗೊತ್ತು. ಅವರು ಚಿತ್ರಕಾರರ ಪಾಲಕರೂ ಹೌದೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಮಾತೆ ಮರಿಯಮ್ಮನವರ ಚಿತ್ರವನ್ನು ಮೊದಲು ಬರೆದವರು ಲೂಕರೇ ಎಂಬುದು ಪುರಾತನ ನಂಬಿಕೆ. ರೋಮಿನ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲಿರುವ ಚಿತ್ರಪಟವನ್ನು ಅವರದೇ ಎಂದು ಭಕ್ತರು ಹೇಳುತ್ತಾ ಬಂದಿದ್ದಾರೆ. ಅದು ಅವರ ಕಾಲಕ್ಕಿಂತ ಎಷ್ಟೋ ಈಚಿನದೆಂದು ವಿದ್ವಾಂಸರು ಹೇಳುತ್ತಾರೆ. ಆದರೂ 2025ರಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಆ ಚಿತ್ರಪಟದ ಸಮೀಪದಲ್ಲೇ ತಮ್ಮ ಸಮಾಧಿಯಾಗಬೇಕೆಂದು ಬಯಸಿದರು. ಚಿತ್ರವೊಂದು ಮನುಷ್ಯನ ಪ್ರಾರ್ಥನೆಯೊಳಗೆ ಎಷ್ಟು ಆಳವಾಗಿ ಇಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಪವಿತ್ರ ಗ್ರಂಥದಲ್ಲಿ ಇದಕ್ಕೂ ಹಳೆಯ ಮಾತೊಂದಿದೆ. ವಿಮೋಚನಾಕಾಂಡದ 31ನೇ ಅಧ್ಯಾಯವನ್ನು ತೆರೆದು ನೋಡಿರಿ. ದೇವದರ್ಶನದ ಗುಡಾರವನ್ನು ಸಿದ್ಧಪಡಿಸಲು ದೇವರು ಕುಶಲಕರ್ಮಿಯೊಬ್ಬನನ್ನು ಆರಿಸುತ್ತಾರೆ. ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಊರಿಯ ಮಗ ಬೆಸಲೇಲ, ಯೆಹೂದ ಕುಲದವನು. ತಂದೆಯ ಹೆಸರು, ಕುಲದ ಹೆಸರು ಎಲ್ಲವೂ ಅಲ್ಲಿ ದಾಖಲಾಗಿವೆ. ಅವನನ್ನು ದೈವಾತ್ಮದಿಂದ ತುಂಬಿದ್ದೇನೆ ಎನ್ನುತ್ತಾರೆ ದೇವರು. ದೇವರು ಕಲಾವಿದನ ಹೆಸರನ್ನು ಮರೆಯುವುದಿಲ್ಲ. ಮರೆಯುವವರು ಮನುಷ್ಯರು.

ನಮ್ಮ ಗದಗ-ಬೆಟಗೇರಿಯ ವಿಷಯದಲ್ಲಿ ಈ ಮಾತು ಎಷ್ಟು ಸತ್ಯ! ನಮ್ಮ ಕುಟುಂಬಗಳು ಪ್ರವಾಸಕ್ಕೆಂದು ಬೇಲೂರಿಗೆ ಹೋಗುತ್ತವೆ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಅಲ್ಲಿಯ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಪ್ರಸಿದ್ಧ. ಅವರೊಡನೆ ಇನ್ನೊಂದು ಹೆಸರೂ ಇದೆ: ಗದುಗಿನ ಕಾಟೋಜನ ಮಗ ನಾಗೋಜ. ತನ್ನೂರಿನ ತ್ರಿಕೂಟೇಶ್ವರ ದೇವರ ಹೆಸರನ್ನೂ ಅವನು ಜೊತೆಗೆ ಬರೆದಿದ್ದಾನೆ. ರೈಲು, ಬಸ್ಸು ಇಲ್ಲದ ಕಾಲದಲ್ಲಿ ಉಳಿ-ಸುತ್ತಿಗೆ ಹೊತ್ತು ಅಷ್ಟು ದೂರ ನಡೆದು ಹೋದ ಗದುಗಿನ ಮಗನು ತನ್ನ ಊರು, ತನ್ನ ತಂದೆ, ತನ್ನ ದೇವರು ಈ ಮೂವರನ್ನೂ ಮರೆಯಲಿಲ್ಲ. ಒಂಬತ್ತು ನೂರು ವರ್ಷಗಳ ನಂತರ ಅವನ ಊರಿನವರಾದ ನಾವು ಅವನನ್ನು ಮರೆತಿದ್ದೇವೆ.

ನಾಗೋಜನಂಥವರ ಕೈಗಳು ಪಳಗಿದ್ದು ಎಲ್ಲಿ? ಅದಕ್ಕೆ ಉತ್ತರ ನಮ್ಮ ಮನೆಯಂಗಳದಲ್ಲೇ ಇದೆ. ಗದಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ನೋಡಿರಿ. ಕಲ್ಲನ್ನು ಕೆತ್ತಿದರೋ, ಮೇಣವನ್ನು ತಿದ್ದಿದರೋ ಎಂದು ಅನುಮಾನ ಬರುತ್ತದೆ. ಒಳಗಿನ ಸರಸ್ವತಿಯ ಮೂರ್ತಿ ಭಗ್ನವಾಗಿದ್ದರೂ ಉಳಿದ ಭಾಗದ ಸೊಬಗೇ ನಮ್ಮನ್ನು ನಿಲ್ಲಿಸಿಬಿಡುತ್ತದೆ. ಬೆಟಗೇರಿಯ ವೀರಗಲ್ಲುಗಳು ಊರಿಗಾಗಿ ಪ್ರಾಣ ಕೊಟ್ಟವರ ನೆನಪನ್ನು ಸಾವಿರ ವರ್ಷಗಳಿಂದ ಹೊತ್ತು ನಿಂತಿವೆ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಮಹಾತಾಯಿ ಈಕೆ. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಪ್ರತಿ ಪ್ರತಿಯನ್ನೂ ಕೈಯಲ್ಲೇ ಬರೆಯಬೇಕಿತ್ತು.

ಲಕ್ಕುಂಡಿಯ ಕಲ್ಲಿನಲ್ಲೂ ಒಂದು ಪಾಠವಿದೆ. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಲಕ್ಕುಂಡಿಯ ಶಿಲ್ಪಿಗಳು ಬಳಪದ ಜಾತಿಯ ನುಣುಪು ಕಲ್ಲನ್ನು ಆರಿಸಿಕೊಂಡರು. ಇದು ಭೂಮಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ-ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕೂದಲೆಳೆಯಂಥ ಕುಸುರಿ ಸಾಧ್ಯವಾಯಿತು. ಮುಂದೆ ಹೊಯ್ಸಳರ ಗುಡಿಗಳಲ್ಲಿ ನಾವು ಮೆಚ್ಚುವ ಕುಸುರಿ ಇಂಥದೇ ಕಲ್ಲಿನದು. ಮಕ್ಕಳ ವಿಷಯವೂ ಹಾಗೆಯೇ ಅಲ್ಲವೇ? ಮೆದುವಾಗಿರುವಾಗಲೇ ರೂಪ ಕೊಡಬೇಕು.

ಬಸದಿಯ ಪಕ್ಕದಲ್ಲೇ ಪುರಾತತ್ತ್ವ ಇಲಾಖೆಯ ಶಿಲ್ಪ ಸಂಗ್ರಹಾಲಯವಿದೆ. ಇಂಥ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಭಾನುವಾರ ಪೂಜೆ ಮುಗಿಸಿ ಹೋಗಿಬರಲು ಅಡ್ಡಿಯಿಲ್ಲ. 2024ರ ನವೆಂಬರಿನಲ್ಲಿ ಲಕ್ಕುಂಡಿಯಲ್ಲಿ ಮನೆಮನೆಗೆ ಹೋಗಿ ಪ್ರಾಚ್ಯ ಅವಶೇಷಗಳನ್ನು ಸಂಗ್ರಹಿಸುವ ಕಾರ್ಯ ನಡೆದಾಗ, ಊರಿನ ಜನರು ಅಂಗಳ, ಹಿತ್ತಿಲುಗಳಲ್ಲಿದ್ದ ಹಳೆಯ ಕಲ್ಲುಗಳನ್ನು ತಾವಾಗಿಯೇ ಒಪ್ಪಿಸಿದರು. ಬಟ್ಟೆ ಒಗೆಯುವ ಕಲ್ಲು ಯಾವನೋ ಶಿಲ್ಪಿಯ ಕೃತಿಯಾಗಿರಬಹುದು ಎಂದು ತಿಳಿದ ದಿನವೇ ಊರೊಂದು ತನ್ನನ್ನು ತಾನು ಗೌರವಿಸಲು ಕಲಿಯುತ್ತದೆ.

ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಆದಿಕವಿ ಪಂಪನ ಕಾವ್ಯದ ಕನ್ನಡಕ್ಕೆ ತಿರುಳು ಒದಗಿಸಿದ ನಾಡು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಶಿವ-ಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ಅದೇ ಊರಿನಲ್ಲಿ ಜೈನರ ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಗಳೂ ಇವೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾಗಿದೆ. ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯು 24 ಕೋನಗಳ ನಕ್ಷತ್ರಾಕಾರದಲ್ಲಿದೆ; ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಹೆಜ್ಜೆಹೆಜ್ಜೆಗೂ ಬೆಳಕು-ನೆರಳು ಬದಲಾಗುತ್ತವೆ. ಇವೆಲ್ಲವೂ ಬೇರೆಯವರ ದೇವರ ಮನೆಗಳೆಂದು ದೂರ ನಿಲ್ಲುವುದು ಸರಿಯೇ? ಯಾವುದೇ ಒಂದು ಕಲಾಶೈಲಿಯನ್ನು ಮಾತ್ರ ತನ್ನದೆಂದು ಧರ್ಮಸಭೆ ಎಂದೂ ಭಾವಿಸಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ವಿಧಿಯ ದಸ್ತಾವೇಜಿನಲ್ಲಿ ಸ್ಪಷ್ಟಪಡಿಸಿತು. ಎಲ್ಲ ಜನಾಂಗಗಳ ಕಲೆಗೂ ಅಲ್ಲಿ ಗೌರವದ ಸ್ಥಾನ ದೊರೆತಿದೆ.

ಹಳಬರಂತೆ ಹೊಸಬರೂ ನಮ್ಮಲ್ಲಿದ್ದಾರೆ. ಮುಂಬಯಿ ಪ್ರಾಂತ್ಯದ ಆಡಳಿತವಿದ್ದ ದಿನಗಳಲ್ಲಿ ಟಿ.ಪಿ. ಅಕ್ಕಿಯವರು ಗದಗಿನಲ್ಲಿ ವಿಜಯ ಕಲಾ ಮಂದಿರವನ್ನು ಕಟ್ಟಿ ಬೆಳೆಸಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದರು. ರಾಜಾಶ್ರಯವಿಲ್ಲದ ನಮ್ಮ ಭಾಗದಲ್ಲಿ ರೈತರ, ನೇಕಾರರ ಮಕ್ಕಳ ಕೈಗೆ ಕುಂಚ ಬಂದದ್ದು ಇಂಥ ಗುರುಗಳಿಂದ. ಶಾಲೆಗಳ ಚಿತ್ರಕಲಾ ಮಾಸ್ತರರಲ್ಲಿ ಎಷ್ಟೋ ಮಂದಿ ಇಂಥ ಶಾಲೆಗಳಲ್ಲೇ ಕಲಿತವರು. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ನೇಗಿಲು ಹೊಡೆಯುವವರು, ರೊಟ್ಟಿ ಬಡಿಯುವವರು ಹೀಗೆ ನಮ್ಮ ಹಳ್ಳಿಯ ಜನರೇ ಶಿಲ್ಪಗಳಾಗಿ ನಿಂತಿದ್ದಾರೆ. ಸೊಲಬಕ್ಕನವರು 2020ರಲ್ಲಿ ತೀರಿಕೊಂಡರು. ಅವರ ಜನರು ಅಲ್ಲೇ ದುಡಿಯುತ್ತಿದ್ದಾರೆ.

ನಮ್ಮ ಧರ್ಮಸಭೆಯ ಕಲಾವಿದರಲ್ಲಿ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಮೊದಲನೆಯವರು ಇಟಲಿಯ ಬೆರ್ಗಮೊ ಹತ್ತಿರ 1854ರಲ್ಲಿ ಜನಿಸಿದ ಅಂತೋನಿಯೊ ಮೊಸ್ಕೇನಿ. ನುರಿತ ಚಿತ್ರಕಾರರಾಗಿದ್ದ ಇವರು ಯೇಸುಸಭೆಗೆ ಸೇರಿ, ಗುರುಪಟ್ಟ ಪಡೆಯದೆ ಸಹೋದರರಾಗಿಯೇ ಉಳಿದರು. ಮಂಗಳೂರಿಗೆ ಬಂದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳನ್ನು ಹಸಿ ಸುಣ್ಣದ ಗಾರೆಯ ಮೇಲೆ ಬರೆಯಲಾಗಿದೆ. ಗಾರೆ ಒಣಗುವುದರೊಳಗೆ ಕೆಲಸ ಮುಗಿಯಬೇಕು. ಬಣ್ಣವು ಗೋಡೆಯೊಡನೆ ಒಂದಾಗಿಬಿಡುವುದರಿಂದ ಅಳಿಸಿ ತಿದ್ದಲು ಅವಕಾಶ ಕಡಿಮೆ. ಮೊಸ್ಕೇನಿ ಮರಳಿ ಇಟಲಿ ಕಾಣಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಕರಾವಳಿಯ ತೇವದಿಂದ ಹಾಳಾಗುತ್ತಿದ್ದ ಈ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ತಿಂಗಳುಗಟ್ಟಲೆ ಶ್ರಮಿಸಿ ಉಳಿಸಿದರು.

ಎರಡನೆಯವರು ಗೋವೆಯ ಆಂಜೆಲೊ ಡ ಫೊನ್ಸೆಕ (1902–1967). ಶಾಂತಿನಿಕೇತನದಲ್ಲಿ ಕಲಿತ ಇವರು ಮಾತೆ ಮರಿಯಮ್ಮನವರಿಗೆ ಸೀರೆ ಉಡಿಸಿ, ನಮ್ಮ ಮನೆಯ ಅವ್ವನಂತೆ ಚಿತ್ರಿಸಿದರು. ತಮ್ಮವರಿಂದಲೇ ಟೀಕೆ ಕೇಳಬೇಕಾಯಿತು. ಪುಣೆಯ ಆಶ್ರಮವೊಂದರಲ್ಲಿ ನೆಲೆ ಕಂಡುಕೊಂಡರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಇಂದು ಗೋವೆಯ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರದ ಪಾಲಿಗೆ ಬಂದಿದೆ. ಒಬ್ಬರು ಇಟಲಿಯಿಂದ ಇಲ್ಲಿಗೆ ಬಂದು ತಮ್ಮ ಕಲೆಯನ್ನು ಧಾರೆಯೆರೆದರು. ಇನ್ನೊಬ್ಬರು ಇಲ್ಲಿಯ ಮಣ್ಣಿನಲ್ಲೇ ಪ್ರಭುವಿನ ಮುಖವನ್ನು ಹುಡುಕಿದರು. ಇಬ್ಬರೂ ನಮ್ಮವರೇ.

ಪ್ರಿಯರೇ, ಸಂಗ್ರಹಾಲಯಕ್ಕೆ ಹೋದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಅರ್ಧ ಗಂಟೆಯಲ್ಲಿ ಎಲ್ಲ ಕೋಣೆಗಳನ್ನೂ ಸುತ್ತಿ, ಕೊನೆಗೆ ಐಸ್‌ಕ್ರೀಮ್ ಅಂಗಡಿಯಲ್ಲಿ ಸೇರುತ್ತೇವೆ. ಎಲ್ಲವನ್ನೂ ನೋಡಬೇಕಾಗಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರರ ದೀಪ ಹಿಡಿದ ಮಹಿಳೆಯ ಮುಂದೆ ಹತ್ತು ನಿಮಿಷ ನಿಲ್ಲೋಣ. ಬೆಳಕು ಬೆರಳುಗಳ ಸಂದಿಯಿಂದ ಹೇಗೆ ಕೆಂಪಾಗಿ ಸೋರುತ್ತದೆ ಎಂದು ಮಕ್ಕಳಿಗೆ ತೋರಿಸೋಣ. ಅದಕ್ಕಾಗಿ ಚಿತ್ರಕಾರನ ಮಗಳೇ ದೀಪ ಹಿಡಿದು ತಾಸುಗಟ್ಟಲೆ ನಿಂತಿದ್ದಳೆಂದು ಹೇಳೋಣ. ಕೃತಿಯ ಪಕ್ಕದ ಫಲಕ ಓದಿಸಿ, ಕಲಾವಿದರ ಒಂದು ಹೆಸರನ್ನಾದರೂ ಕಲಿತು ಮನೆಗೆ ಮರಳೋಣ.

ಹಾಗೆಯೇ ನಮ್ಮ ದೇವಾಲಯಗಳ ಕಡೆಗೂ ಕಣ್ಣು ಹಾಯಿಸೋಣ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಮರದ ಸ್ವರೂಪಗಳಿಗೆ ಹೊಳೆಯುವ ಪೇಂಟು ಬಳಿಯುವ ಮೊದಲು, ಹಳೆಯ ಶಿಲುಬೆಯನ್ನು ಉಗ್ರಾಣಕ್ಕೆ ಎಸೆಯುವ ಮೊದಲು, ಇದನ್ನು ಮಾಡಿದವರು ಯಾರು ಎಂದು ಹಿರಿಯರನ್ನು ಕೇಳೋಣ; ಗೊತ್ತಾದರೆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಬರೆದಿಡೋಣ. ಚಿತ್ರ ಬರೆಯುತ್ತಾ ಕೂತ ಮಗುವಿಗೆ "ಓದು ಬಿಟ್ಟು ಇದೇನು?" ಎಂದು ಗದರುವ ಮೊದಲು ಬೆಸಲೇಲನನ್ನು ನೆನೆಯೋಣ. ಆ ಮಗುವನ್ನೂ ದೇವರು ಹೆಸರು ಹಿಡಿದು ಕರೆಯುತ್ತಿರಬಹುದು.